ತಾಮ್ರದ ಹೆಡ್ ಗ್ಯಾಸ್ಕೆಟ್ಟನ್ನು ಮರಳಿ ಉಪಯೋಗಿಸುವ ಕ್ರಮ

ಏತಗಳೂ ಕಪಿಲೆಗಳೂ ನಮ್ಮ ಸೀಮೆಯಿಂದ ಬಹುಮಟ್ಟಿಗೆ ಮರೆಯಾಗಿ, ನೀರೆತ್ತುವ ಕೆಲಸವು ಪಂಪುಗಳ ಪಾಲಿಗೆ ಬಂದಿರುವುದು ವಾಚಕರಿಗೆ ತಿಳಿದ ಸಂಗತಿಯೇ ಸರಿ. ವಿದ್ಯುಚ್ಛಕ್ತಿ ಬಂದಿರುವ ಗ್ರಾಮಗಳಲ್ಲಿಯೂ ಹೊಳೆಯ ದಂಡೆಯ ಜಮೀನುದಾರರಲ್ಲಿ ಅನೇಕರು ಡೀಸೆಲ್ ಎಂಜಿನ್ನನ್ನು ಕೈಬಿಟ್ಟಿಲ್ಲ. ಕರೆಂಟು ಇಲ್ಲದ ಹೊತ್ತಿನಲ್ಲಿ ಪೈರಿಗೆ ಅದೇ ಗತಿ. ಈ ಎಂಜಿನ್ನನ್ನು ಬಿಚ್ಚಿ ಮಸಿ ತೆಗೆಸುವಾಗಲೂ ವಾಲ್ವುಗಳನ್ನು ಅರೆಯಿಸುವಾಗಲೂ ತಪ್ಪದೆ ಏಳುವ ಪ್ರಶ್ನೆಯೊಂದುಂಟು. ಸಿಲಿಂಡರಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಲೋಹದ ಗ್ಯಾಸ್ಕೆಟ್ಟನ್ನು ಪುನಃ ಹಾಕಬಹುದೋ, ಹೊಸದನ್ನೇ ತರಬೇಕೋ? ಹಳೆಯದೇ ಸಾಕೆಂದು ಹೇಳುವ ಮಿಸ್ತ್ರಿಗಳುಂಟು; ಹಳೆಯದನ್ನು ಕೈಯಲ್ಲಿ ಹಿಡಿಯುವುದೇ ತಪ್ಪೆನ್ನುವವರೂ ಉಂಟು. ಇಬ್ಬರ ಮಾತೂ ಒಂದೊಂದು ಜಾತಿಯ ಗ್ಯಾಸ್ಕೆಟ್ಟಿಗೆ ನಿಜವೇ ಆಗಿದೆ. ಯಾವ ಮಾತು ಯಾವುದಕ್ಕೆ ಸಲ್ಲುವುದೆಂಬುದನ್ನು ಯಜಮಾನನಾದವನು ತಾನೇ ಅರಿತಿರುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ ನಾನು ಸಂಚಾರದಲ್ಲಿದ್ದಾಗ ಕಂಡದ್ದನ್ನು ಇಲ್ಲಿ ಹೇಳುತ್ತೇನೆ. ಬೇಸಿಗೆಯ ನೆಲಗಡಲೆ ಮೂರು ಎಕರೆ. ಹೂ ಬಿಟ್ಟು ಊಡು ಇಳಿಯುವ ಕಾಲ. ಎಂಜಿನ್ನು ಹೊಗೆ ಕಾರುತ್ತಿದೆಯೆಂದು ಹೆಡ್ಡನ್ನು ಬಿಚ್ಚಿಸಿ, ಮಸಿ ಕೆರೆಯಿಸಿ, ಹಳೆಯ ತಾಮ್ರದ ಗ್ಯಾಸ್ಕೆಟ್ಟನ್ನು ಬಟ್ಟೆಯಿಂದ ಒರಸಿ ಇದ್ದಂತೆಯೇ ಕೂರಿಸಲಾಯಿತು. ಎರಡನೆಯ ದಿನ ಹೆಡ್ಡಿನ ಸಂದಿನಿಂದ ಸುಯ್ಯೆಂದು ಗಾಳಿ ಹೊರಟಿತು. ಸ್ಪ್ಯಾನರಿಗೆ ಕೊಳವೆಯೊಂದನ್ನು ಸೇರಿಸಿ ನಟ್ಟನ್ನು ಬಿಗಿದರು. ಸ್ಟಡ್ಡಿನ ಮರೆ ಕಿತ್ತುಬಂದಿತು. ಅಷ್ಟರಲ್ಲಿ ಸೋರುವ ಜ್ವಾಲೆಯು ಹೆಡ್ಡಿನ ಮುಖದಲ್ಲಿ ಉಗುರಿನಿಂದ ಗೀರಿದಷ್ಟು ಆಳದ ಕಾಲುವೆಯನ್ನೇ ಕೊರೆದಿತ್ತು. ತಾಲ್ಲೂಕು ಕೇಂದ್ರದ ಕಾರ್ಖಾನೆಯಿಂದ ಹೆಡ್ಡು ಹಿಂದಿರುಗುವ ವೇಳೆಗೆ ಎಂಟು ದಿನಗಳು ಕಳೆದಿದ್ದುವು. ಹೊಲದ ನೆಲ ಗಟ್ಟಿಯಾಗಿ, ಊಡುಗಳು ಮಣ್ಣನ್ನು ಹೊಗಲಾರದೆ ಒಣಗಿದುವು. ಆ ಗ್ಯಾಸ್ಕೆಟ್ಟನ್ನು ನಾನು ಕೇಳಿ ತೆಗೆದುಕೊಂಡು ನೋಡಿದೆನು. ಅದು ಕೆಟ್ಟದ್ದಾಗಿರಲಿಲ್ಲ. ಕುಲುಮೆಯಲ್ಲಿ ಒಮ್ಮೆ ಕಾಯಿಸಿ ಮೆತ್ತಗೆ ಮಾಡಿದ್ದರೆ ಇನ್ನೂ ಒಂದು ಸಲ ಬಾಳುತ್ತಿತ್ತು.

ಗ್ಯಾಸ್ಕೆಟ್ಟಿನ ಮೇಲೆ ಬೀಳುವ ಭಾರವೆಷ್ಟೆಂಬುದನ್ನು ಮೊದಲು ತಿಳಿಯಬೇಕು. ೫ ಕುದುರೆ ಶಕ್ತಿಯ, ೮೦ ಮಿಲಿಮೀಟರು ಒಳವ್ಯಾಸವುಳ್ಳ ಸಿಲಿಂಡರನ್ನು ತೆಗೆದುಕೊಳ್ಳೋಣ. ಅದರ ಬಾಯಿಯ ವಿಸ್ತೀರ್ಣ ಸುಮಾರು ೫೦ ಚದರ ಸೆಂಟಿಮೀಟರು. ಎಣ್ಣೆ ಹತ್ತಿ ಉರಿದಾಗ ಒಳಗಿನ ಒತ್ತಡವು ಚದರ ಸೆಂಟಿಮೀಟರೊಂದಕ್ಕೆ ೬೦ ಕಿಲೋಗ್ರಾಮಿನಷ್ಟಾದರೆ, ಹೆಡ್ಡನ್ನು ಮೇಲಕ್ಕೆ ಎತ್ತುವ ಬಲವು ೩,೦೦೦ ಕಿಲೋಗ್ರಾಮು, ಎಂದರೆ ೭೫ ಕಿಲೋವಿನ ಭತ್ತದ ಚೀಲ ನಲವತ್ತರ ಭಾರ. ಎಂಜಿನ್ನು ನಿಮಿಷಕ್ಕೆ ೧,೫೦೦ ಸುತ್ತು ತಿರುಗಿದರೆ ಈ ಹೊಡೆತವು ನಿಮಿಷಕ್ಕೆ ೭೫೦ ಸಲ, ಗಂಟೆಗೆ ೪೫,೦೦೦ ಸಲ ಬೀಳುವುದು. ಹೆಡ್ಡಿನ ಮುಖವೂ ಸಿಲಿಂಡರಿನ ಮುಖವೂ ಎಷ್ಟೇ ನಯವಾಗಿ ಕಂಡರೂ ಅವುಗಳಲ್ಲಿ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿರುತ್ತವೆ. ಮೆದುವಾದ ತಾಮ್ರವು ನಟ್ಟುಗಳ ಬಿಗಿತಕ್ಕೆ ಸಿಕ್ಕಿ ಆ ತಗ್ಗುಗಳೊಳಕ್ಕೆ ಇಳಿದು ದಾರಿಯನ್ನು ಮುಚ್ಚುತ್ತದೆ. ಗಡುಸಾದ ತಾಮ್ರವು ಇಳಿಯಲಾರದು; ಎಷ್ಟು ಬಿಗಿದರೂ ಸಂದು ಉಳಿಯುತ್ತದೆ.

ಈಗ ಗ್ಯಾಸ್ಕೆಟ್ಟುಗಳ ಜಾತಿಯನ್ನು ವಿಚಾರಿಸೋಣ. ಲೋಹದ್ದೆಂದು ಕಂಡದ್ದೆಲ್ಲವೂ ಒಂದೇ ಅಲ್ಲ. ಒಂದೇ ತಗಡಿನಿಂದ ಕತ್ತರಿಸಿದ ಶುದ್ಧ ತಾಮ್ರದ ಗ್ಯಾಸ್ಕೆಟ್ಟು ಮಾತ್ರ ಮರುಬಳಕೆಗೆ ಯೋಗ್ಯವಾದುದು. ಎರಡು ತೆಳು ತಗಡುಗಳ ನಡುವೆ ನಾರಿನ ಪದರವನ್ನಿಟ್ಟು ಅಂಚು ಮಡಿಸಿದುದು ಇನ್ನೊಂದು ಜಾತಿ. ಅದರ ನಾರು ಒಮ್ಮೆ ಅದುಮಿದರೆ ಮತ್ತೆ ಉಬ್ಬುವುದಿಲ್ಲ, ಕಾಯಿಸಿದರೆ ಸುಟ್ಟು ಸಡಿಲವಾಗುವುದು. ಹಳೆಯವುಗಳಲ್ಲಿ ಈ ನಾರು ಬಹುಶಃ ಆಸ್ಬೆಸ್ಟಾಸೇ ಆಗಿರುತ್ತದೆ. ಅದರ ಧೂಳು ಉಸಿರಿನಲ್ಲಿ ಸೇರಿದರೆ ಶ್ವಾಸಕೋಶದ ರೋಗವೂ ಏಡಿಗಂತಿಯೂ ಎಷ್ಟೋ ವರ್ಷಗಳ ಮೇಲೆ ತಲೆದೋರುತ್ತವೆ. ಅದನ್ನು ಒಣಗಿದಂತೆಯೇ ಕೆರೆಯಕೂಡದು, ಊದಕೂಡದು. ನೀರಿನಿಂದ ನೆನೆಸಿ ತೆಗೆದು, ಚೀಲದಲ್ಲಿ ಕಟ್ಟಿ, ಮಕ್ಕಳ ಕೈಗೆ ಸಿಕ್ಕದಂತೆ ವಿಲೆ ಮಾಡತಕ್ಕದ್ದು. ಈಚಿನ ಕಾರುಗಳಲ್ಲಿಯೂ ಹೊಸ ಟ್ರ್ಯಾಕ್ಟರುಗಳಲ್ಲಿಯೂ ಬರುವ, ಹಲವು ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ಗ್ಯಾಸ್ಕೆಟ್ಟು ಮೂರನೆಯದು. ನೋಡುವುದಕ್ಕೆ ಹೊಸದರಂತೆಯೇ ಹೊಳೆಯುತ್ತಿದ್ದರೂ ಅದರ ಮೇಲಿನ ರಬ್ಬರಿನ ತೆಳು ಲೇಪವು ಬಿಚ್ಚುವಾಗಲೇ ಕಿತ್ತಿರುತ್ತದೆ, ಹಾಳೆಗಳ ಉಬ್ಬುಗೆರೆಗಳೂ ಚಪ್ಪಟೆಯಾಗಿರುತ್ತವೆ. ಇವೆರಡನ್ನೂ ಎಂದಿಗೂ ಮರಳಿ ಹಾಕಕೂಡದು. ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರಿನಲ್ಲಿ ಹಳೆಯದನ್ನು ಹಾಕಿ ಉಳಿಸುವ ಹಣವು, ನೀರು ಎಣ್ಣೆಗೆ ಬೆರೆತು ಬೇರಿಂಗುಗಳು ಸವೆದಾಗ ಲೆಕ್ಕಕ್ಕೇ ಬಾರದು.

ತಾಮ್ರವು ಗಡುಸಾಗುವ ಬಗೆಯನ್ನು ನಮ್ಮ ಕಂಚುಗಾರರು ತಲೆತಲಾಂತರದಿಂದ ಬಲ್ಲರು. ಕೊಡವನ್ನು ಬಡಿಯುತ್ತ ಬಡಿಯುತ್ತ ತಗಡು ಪೆಡಸಾಗುವುದು. ಇನ್ನೂ ಬಡಿದರೆ ಅಂಚು ಬಿರಿಯುವುದು. ಆಗ ಅವರು ಅದನ್ನು ಬೆಂಕಿಗಿಟ್ಟು ಕೆಂಪಗೆ ಕಾಯಿಸಿ ಮರಳಿ ಮೆದುಮಾಡಿಕೊಳ್ಳುತ್ತಾರೆ. ಗ್ಯಾಸ್ಕೆಟ್ಟಿಗೆ ನಟ್ಟಿನ ಬಿಗಿತವೂ ಉರಿಯ ಹೊಡೆತವೂ ಸುತ್ತಿಗೆಯ ಕೆಲಸವನ್ನೇ ಮಾಡುತ್ತವೆ. ಆದುದರಿಂದ ಪರಿಹಾರವೂ ಅದೇ. ಇಲ್ಲಿ ಕಮ್ಮಾರನಿಗೆ ಒಂದು ಸಂಶಯ ಬರುವುದು ಸಹಜ: ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡುಸಾಗುವುದಷ್ಟೆ, ಇದೂ ಹಾಗೆಯೇ ಆಗದೆ? ಆಗದು. ಆ ಗುಣ ಉಕ್ಕಿಗೆ ಸೇರಿದುದು. ತಾಮ್ರವನ್ನು ಮೆದುಮಾಡುವುದು ಕಾವು. ಅದನ್ನು ನೀರಿಗೆ ಅದ್ದಿದರೂ ಒಂದೇ, ತಾನಾಗಿ ಆರಲು ಬಿಟ್ಟರೂ ಒಂದೇ. ಅದ್ದುವುದರ ಲಾಭವೇನೆಂದರೆ ಮೇಲಿನ ಕಪ್ಪು ಪೊರೆ ಉದುರಿಹೋಗುವುದು.

ಕಾಯಿಸುವುದಕ್ಕೆ ಮುಂಚೆ ಗ್ಯಾಸ್ಕೆಟ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿನಲ್ಲಿ ಹಿಡಿದು ನೋಡತಕ್ಕದ್ದು. ಸಿಲಿಂಡರಿನ ಬಾಯಿಯ ಸುತ್ತ ಬರುವ ಉಂಗುರದ ಭಾಗವೇ ಮುಖ್ಯ. ಅದರ ಮೇಲೆ ಒಳಗಿನಿಂದ ಹೊರಕ್ಕೆ ಹಾಯ್ದ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಸೋರಿದೆಯೆಂದರ್ಥ. ಗೆರೆ ಬರಿಯ ಬಣ್ಣವಾಗಿದ್ದರೆ ಚಿಂತೆಯಿಲ್ಲ; ಉಗುರಿಗೆ ಸಿಕ್ಕುವಷ್ಟು ತಗ್ಗಾಗಿದ್ದರೆ ಆ ಗ್ಯಾಸ್ಕೆಟ್ಟನ್ನು ಗುಜರಿಗೆ ಹಾಕಬೇಕು, ಕಾಯಿಸಿದ ಮಾತ್ರಕ್ಕೆ ಹೋದ ಲೋಹ ಮರಳಿ ಬಾರದು. ಬಿರುಕು, ಸುಟ್ಟ ಅಂಚು, ಆಳವಾದ ಮಡಿಕೆ ಇವುಗಳಿಗೂ ಇದೇ ನ್ಯಾಯ. ಆಮೇಲೆ ಮೈಕ್ರೋಮೀಟರಿನಿಂದ ಉಂಗುರದ ನಾಲ್ಕಾರು ಕಡೆ ದಪ್ಪವನ್ನು ಅಳೆದು ಬರೆದಿಟ್ಟುಕೊಳ್ಳಿ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ ದೋಷವಿರುವುದು ಹೆಡ್ಡಿನಲ್ಲಿಯೋ ಬಿಗಿದ ಕೈಯಲ್ಲಿಯೋ ಎಂದು ತಿಳಿಯತಕ್ಕದ್ದು.

ಬಾಗಿದ್ದರೆ ಕಾಯಿಸುವುದಕ್ಕೆ ಮೊದಲೇ ಸಮತಲದ ಮೇಲಿಟ್ಟು ಮರದ ಕೊಡತಿಯಿಂದ ನೇರ ಮಾಡಬೇಕು. ಕಾಯಿಸಿದ ಮೇಲೆ ಬಡಿದರೆ ಮತ್ತೆ ಗಡುಸಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ. ಈ ತಪ್ಪನ್ನು ಒಳ್ಳೆಯ ಕೆಲಸಗಾರರೂ ಮಾಡುವುದನ್ನು ನೋಡಿದ್ದೇನೆ. ಕಾವು ಕೊಡುವುದಕ್ಕೆ ನೆರಳಿನ ಸ್ಥಳ ಬೇಕು, ಬಿಸಿಲಿನಲ್ಲಿ ಬಣ್ಣ ತಿಳಿಯದು. ದಪ್ಪವಾದ ಕಬ್ಬಿಣದ ತಗಡಿನ ಮೇಲೆ ಗ್ಯಾಸ್ಕೆಟ್ಟನ್ನು ಮಲಗಿಸಿ ಸುತ್ತಲೂ ಒಂದೇ ಸಮನಾಗಿ ಕಾಯಿಸುತ್ತ, ಮಬ್ಬುಗೆಂಪು ತೋರಿದ ಕೂಡಲೆ ನಿಲ್ಲಿಸತಕ್ಕದ್ದು. ಅದು ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡು. ತಾಮ್ರ ಕರಗುವುದು ೧,೦೮೫ ಡಿಗ್ರಿಯಲ್ಲಿ. ಹಳದಿಯ ಛಾಯೆ ಬರುವವರೆಗೆ ಬಿಟ್ಟರೆ ತೆಳುವಾದ ಸೇತುವೆಗಳು ಜೋತುಬೀಳುವುವು. ಗ್ಯಾಸ್ ಬತ್ತಿಯಿಂದ ಕಾಯಿಸುವವರು ಹೊಗೆ ಕಾರುವ ಜ್ವಾಲೆಯನ್ನು ಉಪಯೋಗಿಸಕೂಡದು. ಸಾಮಾನ್ಯ ತಾಮ್ರದೊಳಗೆ ಸ್ವಲ್ಪ ಆಮ್ಲಜನಕ ಸೇರಿರುತ್ತದೆ. ಅಂಥ ಜ್ವಾಲೆಯ ಜಲಜನಕವು ಅದರೊಡನೆ ಕೂಡಿ ಒಳಗೇ ಹಬೆಯಾಗಿ ಲೋಹವನ್ನು ಬಿರಿಯಿಸುತ್ತದೆ.

ಆರಿದ ಮೇಲೆ ಉಳಿದ ಕಪ್ಪನ್ನು ತೆಗೆಯಲು ನಮ್ಮ ಮನೆಗಳಲ್ಲಿ ಹಂಡೆಗೆ ಹಚ್ಚುವ ಹುಣಸೆಹುಳಿಯೇ ಸಾಕು. ಚೆನ್ನಾಗಿ ನೀರಿನಲ್ಲಿ ತೊಳೆದು ಒರಸಿಡಬೇಕು. ಒರಟಾದ ಉಪ್ಪುಕಾಗದದಿಂದ ಉಜ್ಜುವುದು ಬೇಡ, ಅದರ ಗೀರುಗಳೇ ಮುಂದೆ ಸೋರುವ ದಾರಿಗಳಾಗುವುವು. ಸರಿಯಾಗಿ ಮೆತ್ತಗಾಗಿದೆಯೇ ಎಂಬುದಕ್ಕೆ ಪರೀಕ್ಷೆಯೇನೆಂದರೆ, ಹೊರಮೂಲೆಯೊಂದನ್ನು ಬೆರಳಿನಿಂದ ಒಂದಿಷ್ಟು ಎತ್ತಿ ಬಿಟ್ಟರೆ ಅದು ಎತ್ತಿದಲ್ಲಿಯೇ ನಿಲ್ಲಬೇಕು, ಪುಟಿದು ಹಿಂದಕ್ಕೆ ಬರಕೂಡದು.

ಗ್ಯಾಸ್ಕೆಟ್ಟು ಎಷ್ಟೇ ಒಳ್ಳೆಯದಾದರೂ ಮುಖಗಳು ಸೊಟ್ಟಗಿದ್ದರೆ ಪ್ರಯೋಜನವಿಲ್ಲ. ಹೆಡ್ಡಿನ ಮೇಲೆ ಉಕ್ಕಿನ ನೇರಪಟ್ಟಿಯನ್ನು ಉದ್ದಕ್ಕೂ ಅಡ್ಡಕ್ಕೂ ಮೂಲೆಯಿಂದ ಮೂಲೆಗೂ ನಿಲ್ಲಿಸಿ ಅಡಿಯಲ್ಲಿ ಫೀಲರ್ ಗೇಜಿನ ಎಲೆಯನ್ನು ತೂರಿಸಿ ನೋಡಬೇಕು. ತಯಾರಕರ ಪುಸ್ತಕದಲ್ಲಿ ಕೊಟ್ಟ ಮಿತಿಯೇ ಪ್ರಮಾಣ, ಪುಸ್ತಕವಿಲ್ಲದಿದ್ದರೆ ೦.೦೫ ಮಿಲಿಮೀಟರಿನ ಎಲೆ ಹೊಗುವ ಹೆಡ್ಡನ್ನು ಕಾರ್ಖಾನೆಗೆ ಕಳುಹಿಸುವುದು ಮೇಲು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವ ಚಟವುಳ್ಳವರ ಹೆಡ್ಡುಗಳು ನೇರವಾಗಿರುವುದು ಅಪರೂಪ.

ಕಾಯಿಸಿದ ತಾಮ್ರವು ಮತ್ತೆ ಅದುಮಿ ಇನ್ನಷ್ಟು ತೆಳುವಾಗುವುದು. ಆಗ ಪಿಸ್ಟನ್ನಿನ ತಲೆಗೂ ಹೆಡ್ಡಿಗೂ ನಡುವಣ ಎಡೆ ಕಡಿಮೆಯಾಗಿ, ಪಿಸ್ಟನ್ನು ವಾಲ್ವಿಗೆ ತಾಗುವ ಅಪಾಯವುಂಟು. ಆದಕಾರಣ ಪಿಸ್ಟನ್ನಿನ ಮೇಲೆ, ವಾಲ್ವುಗಳ ಕೆಳಗೆ ಬಾರದಂತೆ, ಸೀಸದ ತಂತಿಯ ಎರಡು ತುಂಡುಗಳನ್ನು ಸ್ವಲ್ಪ ಗ್ರೀಸಿನಿಂದ ಅಂಟಿಸಿ, ಹೆಡ್ಡನ್ನು ಪೂರ್ತಿ ಬಿಗಿದು, ಚಕ್ರವನ್ನು ಕೈಯಿಂದ ಮೆಲ್ಲನೆ ಒಂದು ಸುತ್ತು ತಿರುಗಿಸಿ ಬಿಚ್ಚಬೇಕು. ಅಪ್ಪಚ್ಚಿಯಾದ ತಂತಿಯ ದಪ್ಪವೇ ಆ ಎಡೆಯ ಅಳತೆ. ಅದು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆಯಾಗಿದ್ದರೆ ಹಳೆಯ ಗ್ಯಾಸ್ಕೆಟ್ಟಿನ ಆಸೆಯನ್ನು ಬಿಡಬೇಕು. ಈ ಪರೀಕ್ಷೆಗೆ ಅರ್ಧ ಗಂಟೆ ಹಿಡಿಯುವುದೆಂದು ಮಿಸ್ತ್ರಿಗಳು ಇದನ್ನು ಬಿಟ್ಟುಬಿಡುವುದುಂಟು. ಯಜಮಾನನು ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಬೇಕು.

ಸ್ಟಡ್ಡುಗಳ ಮರೆಗಳನ್ನು ಶುಚಿಮಾಡಿ ಒಂದು ಹನಿ ಎಣ್ಣೆ ಹಾಕಿ, ನಟ್ಟುಗಳನ್ನು ಎದುರುಬದುರಾಗಿ, ಮೂರು ನಾಲ್ಕು ಸರದಿಯಲ್ಲಿ, ಟಾರ್ಕ್ ಸ್ಪ್ಯಾನರಿನಿಂದ ಹೇಳಿದ ಅಳತೆಗೆ ಬಿಗಿಯತಕ್ಕದ್ದು. ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಹೆಡ್ಡು ವಾಲುತ್ತದೆ. ತಾಮ್ರವು ಮೊದಲ ಕಾವಿಗೆ ಇನ್ನೂ ಸ್ವಲ್ಪ ಕುಳಿತುಕೊಳ್ಳುವುದರಿಂದ, ಎಂಜಿನ್ನನ್ನು ಅರ್ಧ ಗಂಟೆ ನಡೆಸಿ, ಪೂರ್ತಿ ಆರಿದ ಮೇಲೆ ಅದೇ ಅಳತೆಗೆ ಮತ್ತೊಮ್ಮೆ ಬಿಗಿಯಬೇಕು. ಹೀಗೆ ಬಿಗಿದಾಗ ವಾಲ್ವುಗಳ ಎಡೆ ಬದಲಾಗುವುದು. ಅದನ್ನು ಪುನಃ ಸರಿಪಡಿಸುವುದನ್ನು ಮರೆಯಕೂಡದು.

ಪೈರು ನೀರಿಗೆ ಬಾಯ್ಬಿಡುವ ತಿಂಗಳುಗಳಲ್ಲಿ ಹೆಡ್ಡನ್ನು ಬಿಚ್ಚಬೇಕಾಗಿ ಬಂದರೆ ಹೊಸ ಗ್ಯಾಸ್ಕೆಟ್ಟನ್ನೇ ಹಾಕಿ, ಕಾಯಿಸಿ ಸಿದ್ಧಪಡಿಸಿದ ಹಳೆಯದನ್ನು ಆಪತ್ತಿಗೆ ಇಟ್ಟುಕೊಳ್ಳುವುದು ನನ್ನ ಅಭಿಪ್ರಾಯ. ಅದನ್ನು ಮೊಳೆಗೆ ತೂಗುಹಾಕಬೇಡಿ, ಮೆತ್ತಗಾದ ತಗಡು ತನ್ನ ಭಾರಕ್ಕೇ ಬಾಗುತ್ತದೆ. ಎರಡು ಹಲಗೆಗಳ ನಡುವೆ ಮಲಗಿಸಿ ಕಟ್ಟಿ, ಕಾಯಿಸಿದ ದಿನವನ್ನೂ ಅಳೆದ ದಪ್ಪವನ್ನೂ ಹಲಗೆಯ ಮೇಲೆ ಬರೆದಿಡಿ.