ಕೊಟೊಪಾಕ್ಸಿ ಇಳಿಜಾರಿನ ಲೆಕ್ಕ: ಗೈಡ್ ‘ನಿಲ್ಲಿ’ ಅಂದಾಗ ಯಾಕೆ ನಿಲ್ಲಬೇಕು?

ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ಕೊಟೊಪಾಕ್ಸಿ ಅನ್ನೋ ಜ್ವಾಲಾಮುಖಿ ಇದೆ. ಎತ್ತರ 5,897 ಮೀಟರ್. ಭೂಮಧ್ಯರೇಖೆಯ ಪಕ್ಕದಲ್ಲೇ ಇದ್ದರೂ ತಲೆಯ ಮೇಲೆ ವರ್ಷವಿಡೀ ಹಿಮ. ರಾಜಧಾನಿ ಕೀಟೊದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ದೂರ. ಅಲ್ಲಿ ದಿನನಿತ್ಯ ನಡೆಯುವ ಒಂದು ಪ್ರವಾಸವಿದೆ: ಸೈಕಲ್‌ಗಳನ್ನು ಜೀಪಿನ ಮೇಲೆ ಕಟ್ಟಿ ಸುಮಾರು 4,600 ಮೀಟರ್ ಎತ್ತರದ ಪಾರ್ಕಿಂಗ್ ಜಾಗಕ್ಕೆ ಒಯ್ಯುತ್ತಾರೆ. ಅಲ್ಲಿಂದ ಗೈಡ್ ಹಿಂದೆ ಮೌಂಟನ್ ಬೈಕಿನಲ್ಲಿ ಲಿಂಪಿಯೊಪುಂಗೊ ಕೆರೆಯವರೆಗೆ, ಅಂದ್ರೆ ಸುಮಾರು 3,850 ಮೀಟರಿಗೆ ಇಳಿಯೋದು.

ಪೆಡಲ್ ತುಳಿಯೋ ಕಷ್ಟವೇ ಇಲ್ಲ, ಬರೀ ಇಳಿಜಾರು, ಇದರಲ್ಲಿ ಕಲಿಯೋಕೆ ಏನಿದೆ ಅನ್ನಿಸಬಹುದು. ಆದರೆ ಗೈಡ್‌ಗಳ ನಿಯಮಗಳನ್ನು ನೋಡಿ: ನನ್ನನ್ನು ದಾಟಬೇಡಿ, ಬ್ರೇಕ್ ಒತ್ತಿಕೊಂಡೇ ಇರಬೇಡಿ, ನಾನು ನಿಂತಲ್ಲೆಲ್ಲ ನಿಲ್ಲಿ, ತಲೆನೋವು ಬಂದರೆ ತಕ್ಷಣ ಹೇಳಿ. ಕೇಳೋಕೆ ಹಾಸ್ಟೆಲ್ ವಾರ್ಡನ್ ಮಾತಿನ ಹಾಗಿದೆ. ಈ ಪಾಠದಲ್ಲಿ ನಾವು ಈ ನಿಯಮಗಳ ಹಿಂದಿರುವ ಲೆಕ್ಕವನ್ನು ಬಿಡಿಸೋಣ. ಮೊದಲ ವರ್ಷದ ಫಿಸಿಕ್ಸ್ ಸಾಕು.

1. ಶಕ್ತಿ ಎಲ್ಲಿಗೆ ಹೋಗುತ್ತೆ?

ಸವಾರ 70 ಕೆ.ಜಿ., ಸೈಕಲ್ 15 ಕೆ.ಜಿ., ಒಟ್ಟು 85 ಕೆ.ಜಿ. ಇಳಿಯುವ ಎತ್ತರ 750 ಮೀ. ಎಂ × ಜಿ × ಎಚ್ ಹಾಕಿದರೆ 85 × 9.8 × 750, ಅಂದ್ರೆ ಸುಮಾರು 625 ಕಿಲೋಜೂಲ್. 20 ಡಿಗ್ರಿಯಲ್ಲಿರುವ 1.8 ಲೀಟರ್‌ಗೂ ಹೆಚ್ಚು ನೀರನ್ನು 100 ಡಿಗ್ರಿಗೆ ಏರಿಸಲು ಇಷ್ಟು ಶಕ್ತಿ ಸಾಕು. ಕೆಳಗೆ ಬಂದು ನಿಂತಾಗ ವೇಗ ಸೊನ್ನೆ. ಹಾಗಾಗಿ ಈ ಶಕ್ತಿ ಪೂರ್ತಿ ಮೂರು ಕಡೆ ಹಂಚಿಹೋಗಿರಬೇಕು: ಟೈರು ಮತ್ತು ನೆಲದ ನಡುವಿನ ಉರುಳು ಘರ್ಷಣೆ, ಗಾಳಿಯ ತಡೆ, ಬ್ರೇಕ್.

ಶೇ. 10ರ ಇಳಿಜಾರಿನಲ್ಲಿ ಸೆಕೆಂಡಿಗೆ 8 ಮೀಟರ್, ಅಂದ್ರೆ ಗಂಟೆಗೆ ಸುಮಾರು 29 ಕಿ.ಮೀ. ವೇಗ ಅಂದುಕೊಳ್ಳಿ. ಗುರುತ್ವ ಒದಗಿಸುವ ಪವರ್ 85 × 9.8 × 0.1 × 8, ಸುಮಾರು 666 ವ್ಯಾಟ್. ಜಲ್ಲಿ ರಸ್ತೆಯ ಉರುಳು ಗುಣಾಂಕ 0.02 ಅಂತ ಹಿಡಿದರೆ ನೆಲ ತಿನ್ನೋದು 133 ವ್ಯಾಟ್. ಉಳಿದದ್ದನ್ನು ಗಾಳಿ ಮತ್ತು ಬ್ರೇಕ್ ಹಂಚಿಕೊಳ್ಳಬೇಕು. ಇಲ್ಲೇ ಎತ್ತರದ ಆಟ ಶುರು.

2. ತೆಳು ಗಾಳಿಯ ಎರಡು ಮುಖ

ಸಮುದ್ರಮಟ್ಟದಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕೆ.ಜಿ. 4,600 ಮೀಟರಿನಲ್ಲಿ ಚಳಿಯನ್ನೂ ಸೇರಿಸಿಕೊಂಡರೆ ಸುಮಾರು 0.72. ಅಂದ್ರೆ ಶೇ. 60 ಮಾತ್ರ. ಡ್ರ್ಯಾಗ್ ಗುಣಾಂಕವನ್ನು ಎದುರು ವಿಸ್ತೀರ್ಣದಿಂದ ಗುಣಿಸಿದರೆ 0.5 ಚದರ ಮೀ. ಬರುತ್ತೆ ಅಂತಿಟ್ಟುಕೊಳ್ಳಿ. ಅದೇ ವೇಗದಲ್ಲಿ ಸಮುದ್ರಮಟ್ಟದ ಗಾಳಿ 154 ವ್ಯಾಟ್ ತಿಂದರೆ ಕೊಟೊಪಾಕ್ಸಿಯಲ್ಲಿ ತಿನ್ನೋದು 92 ವ್ಯಾಟ್. ಬ್ರೇಕಿನ ಪಾಲು 380ರಿಂದ 440 ವ್ಯಾಟಿಗೆ ಏರುತ್ತೆ.

60 ವ್ಯಾಟ್ ಏನು ಮಹಾ ಅಂತ ಕೇಳಬಹುದು. ಈಗ ಬ್ರೇಕ್ ಪೂರ್ತಿ ಬಿಟ್ಟು ನೋಡೋಣ. ಸೈಕಲ್ ಯಾವ ವೇಗದಲ್ಲಿ ಸ್ಥಿರವಾಗುತ್ತೆ? ಇಳಿಜಾರಿನ ಬಲದಿಂದ ಉರುಳು ಘರ್ಷಣೆ ಕಳೆದರೆ ಉಳಿಯೋದು 66.6 ನ್ಯೂಟನ್. ಇದನ್ನು ಗಾಳಿಯ ತಡೆಗೆ ಸಮ ಮಾಡಿದರೆ ಸಮುದ್ರಮಟ್ಟದಲ್ಲಿ ಗಂಟೆಗೆ 54 ಕಿ.ಮೀ., ಕೊಟೊಪಾಕ್ಸಿಯಲ್ಲಿ 69 ಕಿ.ಮೀ. ಸೆಕೆಂಡಿಗೆ 2.5 ಮೀ./ಸೆ.ನಂತೆ ವೇಗ ತಗ್ಗಿಸಬಲ್ಲ ಬ್ರೇಕ್ ಇದ್ದರೆ ನಿಲ್ಲಲು ಬೇಕಾದ ದೂರ ಮೊದಲನೆಯದಕ್ಕೆ 44 ಮೀ., ಎರಡನೆಯದಕ್ಕೆ 74 ಮೀ. ಅದೇ ಸೈಕಲ್, ಅದೇ ಸವಾರ, ಅದೇ ಇಳಿಜಾರು. 30 ಮೀಟರ್ ಜಾಸ್ತಿ. ತಿರುವು 50 ಮೀಟರ್ ಮುಂದಿದ್ದರೆ ಏನಾಗುತ್ತೆ ಅಂತ ನೀವೇ ಊಹಿಸಿ. ನಮ್ಮೂರ ಘಾಟಿಯಲ್ಲಿ ಸೈಕಲ್ ಓಡಿಸಿ ಕಲಿತ ಕಣ್ಣಂದಾಜು ಅಲ್ಲಿ ಕೈಕೊಡುತ್ತೆ. ‘ನನ್ನನ್ನು ದಾಟಬೇಡಿ’ ಅನ್ನೋದರ ಅರ್ಥ ಇದು: ಗೈಡಿನ ವೇಗವೇ ಆ ರಸ್ತೆಯ ಸ್ಪೀಡ್ ಲಿಮಿಟ್.

ತೆಳು ಗಾಳಿಗೆ ಇನ್ನೊಂದು ಮುಖವಿದೆ. ಬ್ರೇಕ್ ಡಿಸ್ಕನ್ನು ತಣ್ಣಗೆ ಮಾಡೋದೂ ಗಾಳಿಯೇ. ಬೀಸುಗಾಳಿಯ ಶಾಖ ವರ್ಗಾವಣೆ ಸಾಂದ್ರತೆಯ ವರ್ಗಮೂಲದ ಪ್ರಕಾರ ಇಳಿಯುತ್ತೆ ಅಂತ ಹಿಡಿದರೂ 0.6ರ ವರ್ಗಮೂಲ 0.77. ಗಾಳಿ ತಣ್ಣಗಿರೋದರಿಂದ ಸ್ವಲ್ಪ ಸಹಾಯ ಆಗುತ್ತೆ ನಿಜ, ಆದರೆ ತಂಪು ಮಾಡುವ ಸಾಮರ್ಥ್ಯ ಕಾಲು ಭಾಗದಷ್ಟು ಕಡಿಮೆಯಾಯ್ತು. ಬ್ರೇಕಿಗೆ ಕೆಲಸ ಹೆಚ್ಚು, ಕೂಲಿಂಗ್ ಕಡಿಮೆ.

3. ಬ್ರೇಕ್ ಒತ್ತಿಕೊಂಡೇ ಇದ್ದರೆ

440 ವ್ಯಾಟನ್ನು ಎರಡು ಡಿಸ್ಕ್‌ಗೆ ಸಮನಾಗಿ ಹಂಚಿದರೆ ತಲಾ 220. ಉಕ್ಕಿನ ಡಿಸ್ಕ್ 120 ಗ್ರಾಂ ಇದ್ದರೆ ಅದರ ಬಿಸಿ ಒಂದು ಡಿಗ್ರಿ ಏರಲು ಸುಮಾರು 60 ಜೂಲ್ ಸಾಕು. ಗಾಳಿ ಶಾಖವನ್ನು ಕೊಂಡೊಯ್ಯದೇ ಹೋದರೆ ಪ್ರತಿ ಸೆಕೆಂಡಿಗೆ ಮೂರೂವರೆ ಡಿಗ್ರಿಗೂ ಹೆಚ್ಚು ಏರುತ್ತೆ. ಒಂದೇ ನಿಮಿಷದಲ್ಲಿ 200 ಡಿಗ್ರಿ ದಾಟುತ್ತೆ. ವಾಸ್ತವದಲ್ಲಿ ಗಾಳಿ ಸ್ವಲ್ಪ ಒಯ್ಯುತ್ತೆ, ಆದರೆ ಅಂಚು ಎಷ್ಟು ಸಣ್ಣದು ಅಂತ ಗೊತ್ತಾಯ್ತಲ್ಲ?

ಲಿವರನ್ನು ಒಂದೇ ಸಮ ಒತ್ತಿಕೊಂಡಿದ್ದರೆ ಈ ಶಾಖ ಪ್ಯಾಡ್ ದಾಟಿ ಕ್ಯಾಲಿಪರ್‌ಗೆ, ಅಲ್ಲಿಂದ ಬ್ರೇಕ್ ಆಯಿಲ್‌ಗೆ ಹರಿಯುತ್ತೆ. ಡಾಟ್ 4 ದ್ರವದ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಇರಬೇಕು ಅನ್ನೋದು ಮಾನದಂಡ. ತೇವ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ದ್ರವ ಕುದ್ದರೆ ಗುಳ್ಳೆ. ದ್ರವವನ್ನು ಅದುಮೋಕೆ ಆಗಲ್ಲ, ಗುಳ್ಳೆಯನ್ನು ಆಗುತ್ತೆ. ಲಿವರ್ ಸೀದಾ ಹ್ಯಾಂಡಲ್‌ಗೆ ಬಂದು ಮುಟ್ಟುತ್ತೆ, ಸೈಕಲ್ ಮಾತ್ರ ನಿಲ್ಲಲ್ಲ.

ಅದಕ್ಕೇ ‘ಒತ್ತು, ಬಿಡು’ ವಿಧಾನ. ನೇರ ದಾರಿಯಲ್ಲಿ, ತಿರುವಿಗೆ ಮೊದಲೇ, ಸ್ವಲ್ಪ ಹೊತ್ತು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡೋದು. ಬಿಟ್ಟ ಹೊತ್ತಿನಲ್ಲಿ ಬಿಸಿ ಡಿಸ್ಕ್ ಬೇಗ ಶಾಖ ಕಳೆದುಕೊಳ್ಳುತ್ತೆ, ಏಕೆಂದರೆ ಶಾಖ ಹರಿಯೋದು ತಾಪಮಾನದ ವ್ಯತ್ಯಾಸಕ್ಕೆ ತಕ್ಕಂತೆ. ಗೈಡ್ ಆಗಾಗ ನಿಲ್ಲಿಸೋದು ಫೋಟೋಗೆ ಅಂದುಕೊಂಡರೂ ಪರವಾಗಿಲ್ಲ, ಬ್ರೇಕಿಗೆ ಮಾತ್ರ ಅದು ವಿಶ್ರಾಂತಿ. ನಿಂತಾಗ ಡಿಸ್ಕನ್ನು ಬೆರಳಿಂದ ಮುಟ್ಟಿ ನೋಡೋ ಸಾಹಸ ಬೇಡ.

ನೆಲದ ವಿಷಯವೂ ಒಂದಿಷ್ಟು. ಬೂದಿ, ಜಲ್ಲಿಯ ರಸ್ತೆಯಲ್ಲಿ ವಾಹನಗಳು ಓಡಿ ಓಡಿ ಬಟ್ಟೆ ಒಗೆಯುವ ಹಲಗೆಯಂಥ ಅಲೆಗಳು ಮೂಡಿರುತ್ತವೆ. ಚಕ್ರ ಅಲೆಯಿಂದ ಅಲೆಗೆ ಹಾರುವಾಗ ನೆಲದ ಲಂಬ ಬಲ ಕ್ಷಣಕಾಲ ಸೊನ್ನೆ. ಘರ್ಷಣೆ ಅಂದ್ರೆ ಮ್ಯೂ × ಎನ್. ಎನ್ ಇಲ್ಲದಾಗ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗುತ್ತೆ. ಮುಂದಿನ ಚಕ್ರವಾದರೆ ಬಿದ್ದಂತೆಯೇ ಲೆಕ್ಕ. ಮೊಣಕೈ, ಮೊಣಕಾಲು ಸಡಿಲ ಬಿಡಿ, ಭಾರ ಹಿಂದಕ್ಕೆ ಸರಿಸಿ ಅನ್ನೋದು ಇದಕ್ಕೇ.

4. ಸವಾರನೂ ಒಂದು ಯಂತ್ರ

4,600 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 57. ಆಮ್ಲಜನಕದ ಪ್ರಮಾಣ ಅಲ್ಲೂ ಶೇ. 21ರಷ್ಟೇ, ಆದರೆ ಪ್ರತಿ ಉಸಿರಿಗೆ ಸಿಗೋದು ಅರ್ಧಕ್ಕಿಂತ ತುಸು ಹೆಚ್ಚು. ಕೀಟೊ ನಗರವೇ 2,850 ಮೀಟರಿನಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತ 900 ಮೀಟರ್ ಮೇಲೆ. ಕೆಲವು ದಿನ ಅಲ್ಲಿದ್ದು ಹೊಂದಿಕೊಂಡೇ ಮೇಲೆ ಹೋಗಬೇಕು. ಇಲ್ಲಿ ಒಂದು ಮೋಸವಿದೆ: ಜೀಪಿನಲ್ಲಿ ಕೂತು ಏರಿದ್ದರಿಂದ ದೇಹಕ್ಕೆ ದಣಿವೇ ಗೊತ್ತಾಗಲ್ಲ, ಆದರೆ ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗೋದು ನಿರ್ಧಾರ ತೆಗೆದುಕೊಳ್ಳುವ ಶಕ್ತಿ. ತಲೆನೋವು, ವಾಕರಿಕೆ, ತೂರಾಡುವ ನಡಿಗೆ ಕಂಡರೆ ಔಷಧಿ ಒಂದೇ, ಕೆಳಗಿಳಿಯೋದು. ಅದೂ ಜೀಪಿನಲ್ಲಿ, ಸೈಕಲ್ ಮೇಲೆ ಅಲ್ಲ. ಗುಂಪಿನ ಹಿಂದೆ ಖಾಲಿ ಜೀಪ್ ಬರೋದು ಈ ಕಾರಣಕ್ಕೂ ಹೌದು. ‘ಅಡ್ಜಸ್ಟ್ ಮಾಡ್ಕೋತೀನಿ ಬಿಡಿ’ ಅಂತ ಮುಚ್ಚಿಡೋದು ದೊಡ್ಡ ಅಪಾಯ.

5. ಬೆಟ್ಟ ಎದ್ದರೆ?

1877ರಲ್ಲಿ ಕೊಟೊಪಾಕ್ಸಿ ಸ್ಫೋಟಿಸಿದಾಗ ಹಿಮ ಕರಗಿ, ಬೂದಿ ಬಂಡೆಗಳ ಜೊತೆ ಬೆರೆತು, ಲಾಹಾರ್ ಅನ್ನೋ ಕೆಸರಿನ ಪ್ರವಾಹವಾಗಿ ಕಣಿವೆಗಳಲ್ಲಿ 100 ಕಿ.ಮೀ.ಗೂ ಹೆಚ್ಚು ದೂರ ಹರಿಯಿತು. ಲಟಕುಂಗಾ ಪಟ್ಟಣ ಹಾಳಾಯಿತು. 2015ರ ಆಗಸ್ಟ್‌ನಲ್ಲಿ, ಮತ್ತೆ 2022ರ ಅಕ್ಟೋಬರ್‌ನಿಂದ ಬೆಟ್ಟ ಬೂದಿ ಉಗುಳಿತು. ಈ ಬೆಟ್ಟದ ನಾಡಿ ಹಿಡಿದು ಕೂತಿರೋದು ಯಾರು ಗೊತ್ತಾ? ಕೀಟೊದ ಎಸ್ಕುವೆಲಾ ಪಾಲಿಟೆಕ್ನಿಕಾ ನಾಸಿಯೊನಾಲ್, ಅಂದ್ರೆ ನಮ್ಮಂಥದೇ ಒಂದು ತಾಂತ್ರಿಕ ವಿದ್ಯಾಸಂಸ್ಥೆಯ ಭೂಭೌತ ವಿಭಾಗ. 1983ರಲ್ಲಿ ಶುರುವಾದ ಈ ವಿಭಾಗ ಕಂಪನಮಾಪಕ, ಅನಿಲಮಾಪಕ, ಕ್ಯಾಮೆರಾ ಇಟ್ಟು ವರದಿ ಕೊಡುತ್ತೆ. ಉದ್ಯಾನ ಮುಚ್ಚಿದರೆ ಪ್ರವಾಸವೂ ರದ್ದು. ದುಡ್ಡು ಕೊಟ್ಟು ಅಷ್ಟು ದೂರ ಬಂದಿದ್ದೀವಿ ಅನ್ನೋ ವಾದ ಕೆಸರಿನ ಪ್ರವಾಹಕ್ಕೆ ಕೇಳಿಸಲ್ಲ.

ನೀವೇ ಮಾಡಿ ನೋಡಿ

1. ಸವಾರನ ಬೆನ್ನಿಗೆ 15 ಕೆ.ಜಿ. ಬ್ಯಾಗ್ ಸೇರಿಸಿದರೆ ಒಟ್ಟು ಶಕ್ತಿ ಎಷ್ಟು ಕಿಲೋಜೂಲ್ ಏರುತ್ತೆ?
2. ಇಳಿಜಾರು ಶೇ. 6 ಆದರೆ ಬ್ರೇಕ್ ಇಲ್ಲದ ಸ್ಥಿರ ವೇಗ ಎರಡೂ ಎತ್ತರಗಳಲ್ಲಿ ಎಷ್ಟು?
3. ಆ ಸ್ಥಿರ ವೇಗದಿಂದ ನಿಲ್ಲುವ ದೂರ ಸಾಂದ್ರತೆಗೆ ವಿಲೋಮ ಅನುಪಾತದಲ್ಲಿದೆ ಅಂತ ಸಾಧಿಸಿ. ಎರಡೇ ಸಾಲಿನ ಕೆಲಸ.
4. ವೇಗ ಗಂಟೆಗೆ 29 ಕಿ.ಮೀ. ಬದಲು 15 ಕಿ.ಮೀ. ಆದರೆ ಬ್ರೇಕಿನ ವ್ಯಾಟ್ ಎಷ್ಟು? ಗೈಡ್ ನಿಧಾನವಾಗಿ ಹೋಗೋದು ಯಾಕೆ ಅನ್ನೋದಕ್ಕೆ ಉತ್ತರ ಅಲ್ಲೇ ಸಿಗುತ್ತೆ.