ಬೇಸ್ ಗಿಟಾರಿನ ಕರಕರ ಸದ್ದು: ನಿದಾನವೂ ಪರಿಹಾರವೂ



ಕಳೆದ ವಾರ್ಷಿಕೋತ್ಸವದ ಅಭ್ಯಾಸಕಾಲದಲ್ಲಿ ನಮ್ಮ ವಾದ್ಯವೃಂದದ ಬೇಸ್ ಗಿಟಾರು ಸ್ವರದೊಡನೆ ಕರಕರ ಸದ್ದನ್ನೂ ಹೊರಡಿಸತೊಡಗಿತು. ನುಡಿಸುವ ಹುಡುಗನ ಬೆರಳಿನ ದೋಷವೆಂದೇ ಬಗೆದು ನಾವು ಅವನನ್ನು ಎಲ್ಲರೆದುರು ಗದರಿಸಿದೆವು. ಮರುದಿನ ಅವನು ಮೆಟ್ಟಿಲುಗಳನ್ನು ಉಜ್ಜಿ ತಗ್ಗಿಸಲೆಂದು ಅರವನ್ನು ಹಿಡಿದು ಬಂದನು. ಅವನ ಕೈ ತಡೆದು, ಆಮೇಲೆ ವಾದ್ಯವನ್ನು ಪರೀಕ್ಷಿಸಿದೆವು. ಆಗ ಕಲಿತುದನ್ನು ಇಲ್ಲಿ ಹೇಳುತ್ತೇವೆ.

ವೀಣೆಗಿರುವಂತೆ ಗಿಟಾರಿನ ಕೊರಳಿಗೂ ಫ್ರೆಟ್ ಎಂಬ ಲೋಹದ ಮೆಟ್ಟಿಲುಗಳಿವೆ. ಬೆರಳೊತ್ತಿದ ಮೆಟ್ಟಿಲಿನಿಂದ ಕುದುರೆಯವರೆಗಿನ ತಂತಿಯು ಕಂಪಿಸುವಾಗ ಮುಂದಿನ ಮೆಟ್ಟಿಲಿಗೆ ತಾಗಿದರೆ ಈ ಸದ್ದು ಹುಟ್ಟುತ್ತದೆ. ಬೇಸ್ ಗಿಟಾರಿನ ಅತಿ ಮಂದ್ರ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ತೂಗಾಟ ಅಗಲವಾದುದರಿಂದ ಅದಕ್ಕೆ ಹೆಚ್ಚು ಎಡೆ ಬೇಕು. ತಂಬೂರಿಯಲ್ಲಿ ಕುದುರೆಯ ಮೇಲೆ ನೂಲಿಟ್ಟು ಝೇಂಕಾರವನ್ನು ನಾವೇ ಬರಿಸಿಕೊಳ್ಳುತ್ತೇವೆ. ಇಲ್ಲಿ ಅದು ದೋಷ.

ಮೊದಲು ತಂತಿಗಳನ್ನು ಸರಿಯಾದ ಶ್ರುತಿಗೆ ತರಬೇಕು. ಸಡಿಲ ತಂತಿ ಕರಕರಿಸುವುದು ಸಹಜ. ಬೆರಳನ್ನು ಮೆಟ್ಟಿಲಿನ ಹಿಂದೆ, ಅದಕ್ಕೆ ತೀರ ಸಮೀಪದಲ್ಲಿ ಒತ್ತಿ, ಮೆಲ್ಲಗೆ ಮೀಟಿ ನೋಡಬೇಕು. ಸಡಿಲವಾದ ತಿರುಪುಗಳಿದ್ದರೆ ಬಿಗಿಯಬೇಕು. ಆಮೇಲೂ ಸದ್ದು ಉಳಿದರೆ ಅದು ಹುಟ್ಟುವ ಸ್ಥಳವನ್ನು ಗುರುತಿಸಬೇಕು.

1. ಬೆರಳಿಡದೆ ಮೀಟಿದಾಗ ಮಾತ್ರ ಸದ್ದಾದರೆ, ಕೊರಳಿನ ತುದಿಯಲ್ಲಿ ತಂತಿ ಕೂಡುವ ಪಟ್ಟಿಯ ಗಾಡಿ ಆಳವಾಗಿದೆ.
2. ಮೊದಲ ನಾಲ್ಕೈದು ಮೆಟ್ಟಿಲುಗಳಲ್ಲಿ ಸದ್ದಾದರೆ, ಕೊರಳು ತೀರ ನೇರವಾಗಿರಬಹುದು ಅಥವಾ ಹಿಂದಕ್ಕೆ ಬಾಗಿರಬಹುದು.
3. 12ನೆಯ ಮೆಟ್ಟಿಲಿನಿಂದಾಚೆ ಸದ್ದಾದರೆ, ಕುದುರೆಯು ತಗ್ಗಾಗಿರಬಹುದು ಅಥವಾ ಕೊರಳು ಮುಂದಕ್ಕೆ ಅತಿಯಾಗಿ ಬಾಗಿರಬಹುದು.
4. ಒಂದೇ ಸ್ಥಳದಲ್ಲಿ ಸದ್ದಾದರೆ, ಆ ಮೆಟ್ಟಿಲು ಸವೆದಿದೆ ಅಥವಾ ಅದರ ಮುಂದಿನದು ಎದ್ದಿದೆ.

ಕೊರಳಿನ ಬಾಗನ್ನು ತಿಳಿಯಲು, ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒಟ್ಟಿಗೆ ಒತ್ತಿ, 8ನೆಯ ಮೆಟ್ಟಿಲಿನ ಬಳಿ ನೋಡಬೇಕು. ಅಲ್ಲಿ ಸುಮಾರು 0.3 ಮಿಲಿಮೀಟರು, ಎಂದರೆ ಒಂದು ವಿಸಿಟಿಂಗ್ ಕಾರ್ಡು ನುಸುಳುವಷ್ಟು, ಎಡೆಯಿರುವುದು ಲೇಸು. ನಮ್ಮ ವಾದ್ಯದಲ್ಲಿ ಎಡೆಯೇ ಇರಲಿಲ್ಲ. ಮುಂಬಯಿಯ ಮಳೆಗಾಲವೆಲ್ಲ ಕಪಾಟಿನಲ್ಲಿದ್ದ ಆ ಮರದ ಕೊರಳು ತೇವಕ್ಕೆ ತನ್ನ ಬಾಗನ್ನು ಕಳೆದುಕೊಂಡಿತ್ತು.

ಕೊರಳಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ಅದಕ್ಕೆ ಸರಿಹೊಂದುವ ಕೀಲಿಯಿಂದ ಎಡಕ್ಕೆ ಕಾಲು ಸುತ್ತು ಸಡಿಲಿಸಿ, ಮತ್ತೆ ಶ್ರುತಿಮಾಡಿ, ಎಡೆಯನ್ನು ಅಳೆದೆವು. ಕರಕರ ಅಡಗಿತು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಸರಳು ಬಿಗಿಯಾಗಿ ಅಡ್ಡಿಮಾಡಿದರೆ ಬಲವನ್ನು ಪ್ರಯೋಗಿಸದೆ ರಿಪೇರಿ ಬಲ್ಲವರಲ್ಲಿಗೆ ಒಯ್ಯಬೇಕು. ಕುದುರೆ ತಗ್ಗಾಗಿದ್ದರೆ ಅದರ ಸಣ್ಣ ತಿರುಪುಗಳಿಂದ ತಂತಿಯನ್ನು ಎತ್ತರಿಸಬಹುದು. 12ನೆಯ ಮೆಟ್ಟಿಲಿನ ಮೇಲೆ ಎರಡು, ಎರಡೂವರೆ ಮಿಲಿಮೀಟರು ಎತ್ತರ ಸಾಮಾನ್ಯವಾಗಿ ಸಾಕು. ಗಾಡಿ ಮತ್ತು ಮೆಟ್ಟಿಲುಗಳ ಕೆಲಸವನ್ನು ನುರಿತವರಿಗೇ ಬಿಡತಕ್ಕದ್ದು.

ತಿರುಪನ್ನು ತಿರುಗಿಸಿದ್ದು ತಪ್ಪಾದರೆ ಹಿಂದಕ್ಕೆ ತಿರುಗಿಸಬಹುದು. ಅರದಿಂದ ಉಜ್ಜಿದ ಲೋಹ ಮರಳಿ ಬಾರದು. ಆಡಿದ ಮಾತೂ ಅಂತೆಯೇ. ಪರೀಕ್ಷಿಸುವ ಮೊದಲೇ ತೀರ್ಪು ಕೊಟ್ಟವರು ನಾವು. ಆ ಹುಡುಗನ ಬೆರಳುಗಳಲ್ಲಿ ಯಾವ ದೋಷವೂ ಇರಲಿಲ್ಲ ಎಂಬುದನ್ನು, ಅವನನ್ನು ಗದರಿಸಿದಂತೆಯೇ ಎಲ್ಲರೆದುರು, ಈ ಪುಟದಲ್ಲಿ ಒಪ್ಪಿಕೊಳ್ಳುತ್ತೇವೆ.