ಸೀರೆಗಿಂತ ಮೊದಲು ಕುಪ್ಪಸ

ಕಾಲೇಜಿನಲ್ಲಿ ಪಾಠ ಮಾಡಲು ಶುರುಮಾಡಿದ ಹೊಸತರಲ್ಲಿ ನನ್ನ ದನಿ ಮೇಲೇಳುತ್ತಿರಲಿಲ್ಲ. ಅದಕ್ಕೆ ತುಂಬಿದ ತರಗತಿಯ ಅಂಜಿಕೆ ಎಷ್ಟು ಕಾರಣವೋ ಬಟ್ಟೆಯ ಕಿರಿಕಿರಿಯೂ ಅಷ್ಟೇ ಕಾರಣವಾಗಿತ್ತು. ಬೋರ್ಡಿನ ಮೇಲ್ತುದಿಯಲ್ಲಿ ಬರೆಯಲು ಕೈ ಎತ್ತಿದರೆ ಕುಪ್ಪಸ ಮೇಲೇರುತ್ತಿತ್ತು, ನೈಲಾನ್ ಸೆರಗು ಜಾರುತ್ತಿತ್ತು. ಅರ್ಧ ಗಮನ ಪಾಠದಲ್ಲಿ, ಇನ್ನರ್ಧ ಹೆಗಲ ಪಿನ್ನಿನಲ್ಲಿ.

ನನಗೆ ದಾರಿ ತೋರಿಸಿದ್ದು ನಮ್ಮ ಬೀದಿಯ ಟೈಲರ್. ಕಂಕುಳು ಸಡಿಲ ಮಾಡಿದರೆ ಕೈ ಚೆನ್ನಾಗಿ ಆಡುತ್ತದೆ ಎಂದೇ ನಾವು ಬಹಳ ಜನ ನಂಬಿರುತ್ತೇವೆ. ಅವರು ತದ್ವಿರುದ್ಧ ಹೇಳಿದರು: “ಅಕ್ಕಾ, ಕಂಕುಳು ಕೆಳಗಿಳಿದಷ್ಟೂ ಕೈ ಜೊತೆ ಇಡೀ ಬ್ಲೌಸ್ ಏಳುತ್ತೆ. ಮೇಲಕ್ಕೆ, ಮೈಗೆ ಹತ್ತಿರ ಕತ್ತರಿಸಬೇಕು.” ಹಾಗೆ ಹೊಲಿದ ಕುಪ್ಪಸ ತೊಟ್ಟು ಅಂಗಡಿಯಲ್ಲೇ ಕೈ ಎತ್ತಿ ನೋಡಿದೆ, ಕೂತೆ, ಬಗ್ಗಿದೆ. ಎಲ್ಲೂ ಹಿಡಿಯಲಿಲ್ಲ. ಸೀರೆಗೆ ಸಾವಿರಾರು ರೂಪಾಯಿ ಕೊಟ್ಟು ಹೊಲಿಗೆಯಲ್ಲಿ ಉಳಿಸಲು ನೋಡುವುದು ನನಗೆ ಈಗ ತೀರ ತಪ್ಪು ಲೆಕ್ಕ ಅನ್ನಿಸುತ್ತದೆ.

ಸೀರೆಯ ವಿಷಯದಲ್ಲಿ ನಾನು ಊರಿನ ಕಡೆಗೇ ತಿರುಗಿದೆ. ಬಾಗಲಕೋಟೆ ಸೀಮೆಯವಳಾದ ನನಗೆ ಇಳಕಲ್ ಸೀರೆ ಹೊಸದಲ್ಲ. ಅವ್ವ, ಅಜ್ಜಿ ಉಡುತ್ತಿದ್ದದ್ದು ಅದನ್ನೇ. ಅಜ್ಜಿಯದು 18 ಮೊಳ, ಅಂದರೆ 9 ಗಜದ್ದು. ಹತ್ತಿಯ ಒಡಲು ಬಿಸಿಲಿಗೆ ಹಿತ, ನೆರಿಗೆ ಹಿಡಿದರೆ ಹಿಡಿದ ಹಾಗೇ ನಿಲ್ಲುತ್ತದೆ. ಒಡಲಿನ ಹಾಸು ಎಳೆಗಳಿಗೆ ರೇಷ್ಮೆ ಸೆರಗಿನ ಹಾಸು ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವುದೇ ಅಲ್ಲಿನ ನೇಕಾರರ ಹೆಸರಾದ ಕೆಲಸ. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೆಂಪು-ಬಿಳಿಯ ಟೋಪ್ ತೆನಿ ಸೆರಗು ಹೊದ್ದಾಗ ಆ ಕೆಲಸದ ನೆನಪಿಗೇ ಬೆನ್ನು ನೆಟ್ಟಗಾಗುತ್ತದೆ. ಸಹೋದ್ಯೋಗಿಯೊಬ್ಬರು “ಇಷ್ಟು ಚಿಕ್ಕ ವಯಸ್ಸಿಗೆ ಅಜ್ಜಿ ಸೀರೆ ಯಾಕೆ?” ಅಂದಾಗ ಕೊಂಡಿಯ ವಿಷಯ ವಿವರವಾಗಿ ಹೇಳಿದೆ. ದನಿ ನಡುಗಲಿಲ್ಲ.

ಎಲ್ಲ ಇಳಕಲ್ಲೂ ನನಗೆ ಒಪ್ಪುವುದಿಲ್ಲ, ಅದೂ ನಿಜ. ನಾನು ಗಿಡ್ಡ. “ದಡಿ ದೊಡ್ಡದಾದ್ರ ನೀ ಕಾಣಂಗಿಲ್ಲ, ಸೀರಿನ ಕಾಣತೈತಿ” ಎಂದು ಅವ್ವ ಹೇಳಿದ್ದು ಸರಿಯಾಗಿತ್ತು. ಸಣ್ಣ ದಡಿ, ದಟ್ಟ ಬಣ್ಣ, ಗುಳೇದಗುಡ್ಡದ ಖಣದ ಕುಪ್ಪಸ: ಇಷ್ಟಕ್ಕೆ ನಿಂತೆ. ಕಪ್ಪು ಮಾತ್ರ ಬೇಡ, ಚಾಕ್‌ಪುಡಿ ಎದ್ದು ಕಾಣುತ್ತದೆ.

ಸಂದರ್ಶನಕ್ಕೆ ಹೊರಟ ವಿದ್ಯಾರ್ಥಿನಿಯರು ಏನು ಹಾಕಿಕೊಳ್ಳಲಿ ಎಂದು ಕೇಳಲು ಬರುತ್ತಾರೆ. ಸೀರೆಯೇ ಉಡಿ ಎಂದು ನಾನು ಹೇಳುವುದಿಲ್ಲ. ಚೂಡಿದಾರವಾಗಲಿ, ಪ್ಯಾಂಟು-ಶರ್ಟಾಗಲಿ, ಅದನ್ನು ಹಾಕಿಕೊಂಡು ಒಂದು ದಿನ ಬಸ್ಸು ಹತ್ತಿ ಇಳಿಯಿರಿ, ಒಂದು ತಾಸು ಕುರ್ಚಿಯಲ್ಲಿ ಕೂಡಿ. ಎಲ್ಲಾದರೂ ಎಳೆದುಕೊಳ್ಳಬೇಕೆನಿಸಿದರೆ ಸಂದರ್ಶನಕ್ಕೆ ಮೊದಲೇ ಟೈಲರ್ ಹತ್ತಿರ ಹೋಗಿ ಬನ್ನಿ ಅನ್ನುತ್ತೇನೆ.